ನೆರೆಯೂರುಗಳ ಧರ್ಮ

ನೆರೆಮನೆಯವನೊಡನೆ ಮನುಷ್ಯನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ಹಿರಿಯರು ಬೇಕಾದಷ್ಟು ಹೇಳಿಹೋಗಿದ್ದಾರೆ. ನೆರೆಯೂರಿನೊಡನೆ ಊರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ಅವರು ಅಷ್ಟಾಗಿ ಹೇಳಿದಂತೆ ತೋರದು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಊರೆಂಬುದಕ್ಕೆ ಒಂದು ಮನಸ್ಸುಂಟೆ, ಅದಕ್ಕೆ ಪಾಪಪುಣ್ಯಗಳುಂಟೆ, ಎಂಬ ಸಂದೇಹವು ಮೊದಲು ಅಡ್ಡಬರುತ್ತದೆ. ಆದರೆ ಊರಿನ ಹೆಸರಿನಲ್ಲಿ ಕಂದಾಯವೆತ್ತುವ, ಬಾವಿ ತೋಡಿಸುವ, ದೀಪ ಹಾಕಿಸುವ, ಮರ ಕಡಿಸುವ ಸಭೆಯೊಂದು ಇರುವಾಗ, ಅದರ ಕೆಲಸಗಳಿಗೆ ಒಳಿತು ಕೆಡಕಿನ ವಿಚಾರಣೆ ಇಲ್ಲವೆನ್ನುವುದು ಹೇಗೆ? ಒಬ್ಬನು ಮಾಡಿದರೆ ಅನ್ಯಾಯವೆನಿಸುವ ಕೆಲಸವು, ಹತ್ತು ಮಂದಿ ಕೂಡಿ ನಿರ್ಣಯ ಬರೆದುಕೊಂಡು ಮಾಡಿದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ಈ ವಿಚಾರವು ಈಚಿನ ವರ್ಷಗಳಲ್ಲಿ ಹೊಸದೊಂದು ರೂಪವನ್ನು ತಾಳಿದೆ. ಭೂಮಿಯ ಹವೆ ಕಾಯುತ್ತಿರುವುದನ್ನು ತಡೆಯುವುದಕ್ಕೂ, ಕಾದ ಹವೆಯಿಂದ ಬರುವ ಕೇಡನ್ನು ತಾಳಿಕೊಳ್ಳುವುದಕ್ಕೂ ನಗರಗಳು ಒಂದೊಂದಾಗಿ ಯೋಜನೆಗಳನ್ನು ಬರೆದು ಪ್ರಕಟಿಸುತ್ತಿವೆ. ಯಾವ ನಗರದ ಯೋಜನೆ ಮೇಲು, ಯಾವುದು ಕೀಳು ಎಂದು ಹೋಲಿಸಿ ನೋಡುವ ಪದ್ಧತಿಯೂ ಬೆಳೆದಿದೆ. ಹೋಲಿಸುವುದು ತಪ್ಪಲ್ಲ, ಆದರೆ ಯಾವ ಅಳತೆಯಿಂದ ಹೋಲಿಸಬೇಕು? ಗುರಿಯೆಂದು ಬರೆದಿಟ್ಟ ವರ್ಷದಿಂದಲೆ, ಗ್ರಂಥದ ಪುಟಗಳಿಂದಲೆ, ನೆಟ್ಟ ಸಸಿಗಳ ಎಣಿಕೆಯಿಂದಲೆ? ನೆರೆಯೂರು ತನ್ನ ಪಾಲಿನ ಕೆಲಸವನ್ನು ಮಾಡದೆ ಹೋದರೆ ಈ ಊರಿನ ಹೊಣೆ ತಗ್ಗುವುದೆ, ಹೆಚ್ಚುವುದೆ? ಇವು ಲೆಕ್ಕದ ಪ್ರಶ್ನೆಗಳಂತೆ ಕಂಡರೂ ಬುಡದಲ್ಲಿ ಧರ್ಮದ ಪ್ರಶ್ನೆಗಳು.

ಇವನ್ನು ವಿಚಾರಿಸುವುದಕ್ಕೆ ದೊಡ್ಡ ನಗರಕ್ಕಿಂತ ಶಿವನಿಯಂಥ ಊರೇ ಒಳ್ಳೆಯ ನೆಲೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿಗೆ ಸೇರಿದ ಈ ಊರು, ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲುದಾರಿಯಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಬರುತ್ತದೆ. ಪಶ್ಚಿಮಕ್ಕೆ ಹೋದರೆ ತರೀಕೆರೆ, ಲಕ್ಕವಳ್ಳಿ, ಭದ್ರೆಯ ಅಣೆಕಟ್ಟು, ಕಾಡು. ದಕ್ಷಿಣಕ್ಕೆ ಕಡೂರಿನ ಕಡೆಯ ಬಯಲು. ಪೂರ್ವಕ್ಕೆ ಹೊಸದುರ್ಗದ ಒಣಸೀಮೆ. ಮಲೆನಾಡಿನ ಮಳೆಯೂ ಬಯಲುಸೀಮೆಯ ಬರವೂ ಒಂದು ದಿನದ ಪಯಣದೊಳಗೆ ಸಿಕ್ಕುವ ಪ್ರದೇಶವಿದು. ತೆಂಗು ಅಡಕೆಗಳ ತೋಟಗಳೂ, ರಾಗಿ ಈರುಳ್ಳಿಗಳ ಹೊಲಗಳೂ ಕೆರೆಯನ್ನೋ ಕೊಳವೆಬಾವಿಯನ್ನೋ ಮುಗಿಲನ್ನೋ ನಂಬಿಕೊಂಡಿವೆ. ತರೀಕೆರೆಗೂ ಕಡೂರಿಗೂ ಪುರಸಭೆಗಳು, ಅಜ್ಜಂಪುರಕ್ಕೆ ಪಟ್ಟಣ ಪಂಚಾಯಿತಿ, ಶಿವನಿಗೆ ಗ್ರಾಮ ಪಂಚಾಯಿತಿ. ಸಭೆಗಳು ಬೇರೆ ಬೇರೆ. ಮೇಲಣ ಮುಗಿಲು ಒಂದೇ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಕಲ್ಲಿದ್ದಲನ್ನೂ ನೆಲದೆಣ್ಣೆಯನ್ನೂ ಉರಿಸಿದಾಗ ಇಂಗಾಲಾಮ್ಲವಾಯುವು ಹೊರಟು ಗಾಳಿಯಲ್ಲಿ ಬೆರೆಯುತ್ತದೆ. ಭೂಮಿಯ ಕಾವು ಆಕಾಶಕ್ಕೆ ಹೋಗದಂತೆ ಕಂಬಳಿಯ ಹಾಗೆ ತಡೆಯುತ್ತದೆ. ಯಂತ್ರಗಳ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯುವು ಸುಮಾರು ೨೮೦ ಪಾಲು ಇದ್ದಿತು. ೨೦೨೪ರ ಹೊತ್ತಿಗೆ ೪೨೦ನ್ನು ಮೀರಿತ್ತು. ಒಮ್ಮೆ ಸೇರಿದ್ದರಲ್ಲಿ ಒಂದು ಭಾಗವು ನೂರಾರು ವರ್ಷ ಅಲ್ಲಿಯೇ ನಿಲ್ಲುತ್ತದೆ. ೧೮೫೦ರಿಂದ ೧೯೦೦ರ ವರೆಗಿನ ಸರಾಸರಿಗಿಂತ ೨೦೨೪ನೆಯ ವರ್ಷವು ಒಂದೂವರೆ ಡಿಗ್ರಿಗೂ ಮಿಗಿಲಾಗಿ ಕಾದಿತ್ತೆಂದು ವಿಶ್ವ ಹವಾಮಾನ ಸಂಸ್ಥೆಯು ಲೆಕ್ಕ ಹಾಕಿದೆ. ಗಾಳಿಯು ಒಂದು ಡಿಗ್ರಿ ಕಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಇದರಿಂದ ಬರುವ ಮಳೆಯು ಜಡಿದು ಬರುತ್ತದೆ. ಬಾರದ ದಿನಗಳಲ್ಲಿ ನೆಲವು ಬೇಗ ಒಣಗುತ್ತದೆ. ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರವು ೧೯೩೩ರ ತರುವಾಯ ಮೊದಲ ಸಲ ಕೋಡಿಬಿದ್ದುದು ೨೦೨೨ರಲ್ಲಿ. ಮರುವರ್ಷ, ೨೦೨೩ರಲ್ಲಿ, ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು. ಒಂದೊಂದು ವರ್ಷವನ್ನೇ ಹಿಡಿದು ಇದು ಹವೆ ಕಾದುದರ ಫಲವೆಂದು ಬೆರಳಿಟ್ಟು ತೋರಿಸಲಾಗದು. ಬರವೂ ನೆರೆಯೂ ಹಿಂದೆಯೂ ಇದ್ದುವು. ಆದರೆ ಇಂಥ ಏರಿಳಿತಗಳು ಪದೇ ಪದೇ ಬರುವುವೆಂಬುದರಲ್ಲಿ ಶಾಸ್ತ್ರಜ್ಞರಿಗೆ ಸಂದೇಹವಿಲ್ಲ.

ಇದರಲ್ಲಿ ಊರಿನ ಸಭೆಗೆ ಏನು ಕೆಲಸವೆಂದು ಕೇಳಬಹುದು. ೧೯೯೨ರಲ್ಲಿ ಆದ ಸಂವಿಧಾನದ ೭೩ ಮತ್ತು ೭೪ನೆಯ ತಿದ್ದುಪಡಿಗಳು ಇದಕ್ಕೆ ಉತ್ತರ ಕೊಟ್ಟಿವೆ. ಪಂಚಾಯಿತಿಗಳಿಗೆ ವಹಿಸಬಹುದಾದ ೨೯ ವಿಷಯಗಳಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಸಾಮಾಜಿಕ ಅರಣ್ಯ ಇವೆಲ್ಲ ಸೇರಿವೆ. ನಗರಸಭೆಗಳ ೧೮ ವಿಷಯಗಳಲ್ಲಿ ಪರಿಸರದ ರಕ್ಷಣೆಯೇ ಒಂದು. ಕೊಟ್ಟ ಹಣವು ಹೊಣೆಗೆ ತಕ್ಕಷ್ಟಿಲ್ಲವೆಂಬ ದೂರು ನ್ಯಾಯವಾದದ್ದೇ. ಆದರೆ ಹಣ ಸಾಲದೆಂಬುದು ಹೊಣೆಯನ್ನು ಚಿಕ್ಕದು ಮಾಡಬಹುದಲ್ಲದೆ ಇಲ್ಲವೆನಿಸಲಾರದು. ಅರ್ಧ ಕೂಲಿ ಪಡೆದವನು ಅರ್ಧ ಕೆಲಸಕ್ಕಾದರೂ ಬಾಧ್ಯನು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ತಲೆಯೆತ್ತುತ್ತದೆ. “ಶಿವನಿಯ ರೈತನು ಉರಿಸುವ ಎಣ್ಣೆಯೆಷ್ಟು, ಅವನ ಮನೆಯ ದೀಪಕ್ಕೆ ತಗಲುವ ವಿದ್ಯುತ್ತೆಷ್ಟು? ಲೋಕದ ಹೊಗೆಯಲ್ಲಿ ಅದು ಕಡಲಿನಲ್ಲಿ ಒಂದು ಹನಿ. ಅದನ್ನು ಅವನು ಬಿಟ್ಟರೂ ಹವೆ ತಣಿಯದು, ಬಿಡದಿದ್ದರೂ ಹೆಚ್ಚು ಕಾಯದು. ಹಾಗಿರುವಾಗ ಅವನಿಗೆ ಧರ್ಮವನ್ನು ಬೋಧಿಸುವುದು ಅನ್ಯಾಯವಲ್ಲವೆ?” ಎಂಬುದು ಆ ವಾದ. ಇದರಲ್ಲಿ ಎರಡು ಮಾತುಗಳು ಒಂದಾಗಿ ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು.

ಪಾಲು ಸಣ್ಣದು, ಆದ್ದರಿಂದ ಲೆಕ್ಕಕ್ಕಿಲ್ಲ ಎಂಬುದು ಮೊದಲನೆಯ ಮಾತು. ಇದು ನಿಲ್ಲದು. ಯಾವ ಊರನ್ನು ಹಿಡಿದರೂ ಅದರ ಪಾಲು ಲೋಕದ ಮೊತ್ತಕ್ಕೆ ಸಣ್ಣದೇ. ಬೆಂಗಳೂರು ಕೂಡ ಅದನ್ನೇ ಹೇಳಬಹುದು. ಎಲ್ಲರ ಸಣ್ಣ ಪಾಲುಗಳನ್ನೂ ಬಿಟ್ಟುಬಿಟ್ಟರೆ ಉಳಿಯುವುದು ಯಾರ ಪಾಲು? ಕೆರೆಯ ಏರಿಗೆ ಮಣ್ಣು ಹಾಕುವಾಗ ತನ್ನ ಒಂದು ಪುಟ್ಟಿಯಿಂದ ಏರಿ ಎದ್ದೀತೆ ಎಂದು ಪ್ರತಿಯೊಬ್ಬನೂ ಪುಟ್ಟಿಯನ್ನು ಕೆಳಗಿಟ್ಟರೆ ಏರಿಯೇ ಇರುವುದಿಲ್ಲ.

ಕೆಡಿಸಿದವನು ಬೇರೆ, ತೆರಬೇಕಾದವನು ಬೇರೆ ಆಗಬಾರದೆಂಬುದು ಎರಡನೆಯ ಮಾತು. ಇದು ಗಟ್ಟಿಯಾದದ್ದು. ಒಂದೂವರೆ ಶತಮಾನದಿಂದ ಹೊಗೆ ಬಿಟ್ಟು ಸಿರಿವಂತವಾದ ನಾಡುಗಳ ಹೊಣೆಯೂ, ಎತ್ತಿನ ಗಾಡಿಯಿಂದ ಈಚೆಗೆ ಇಳಿದ ಹಳ್ಳಿಯ ಹೊಣೆಯೂ ಸಮವಾಗಲಾರದು. ಆದ್ದರಿಂದ ಹೊಣೆಯನ್ನೇ ಎರಡಾಗಿ ವಿಂಗಡಿಸಬೇಕು. ಕೇಡನ್ನು ಹೆಚ್ಚಿಸದಿರುವುದು ಒಂದು. ಅದು ಹೆಚ್ಚಿಸಿದವನ ಮೇಲೆ, ತಾಳುವ ಶಕ್ತಿಯಿರುವವನ ಮೇಲೆ ಹೆಚ್ಚಾಗಿ ಬೀಳತಕ್ಕದ್ದು. ಬರುವ ಕೇಡಿನಿಂದ ತನ್ನವರನ್ನು ಕಾಯುವುದು ಇನ್ನೊಂದು; ಅದು ಯಾರು ಕೆಡಿಸಿದರೂ ಆಯಾ ಊರಿನ ಮೇಲೆಯೇ ಬೀಳುತ್ತದೆ. ಮನೆಗೆ ಕಿಚ್ಚಿಟ್ಟವನು ನೆರೆಯವನೆಂದು ಗೊತ್ತಿದ್ದರೂ ಒಳಗಿರುವ ಮಗುವನ್ನು ಹೊರಗೆ ತರುವುದು ತಾಯಿಯ ಕೆಲಸವೇ. ಹಾಗೆ ತಂದಳೆಂದು ಕಿಚ್ಚಿಟ್ಟವನು ಬಿಡುಗಡೆ ಹೊಂದುವುದಿಲ್ಲ. ಶಿವನಿಯಂಥ ಊರು ತನ್ನ ಕೆರೆಯನ್ನು ಕಾಪಾಡಿಕೊಳ್ಳುವುದೂ ದೊಡ್ಡ ನಗರದಿಂದ ನ್ಯಾಯವನ್ನು ಕೇಳುವುದೂ ಒಂದಕ್ಕೊಂದು ವಿರೋಧವಲ್ಲ. ಕೇಳುವುದಕ್ಕೆ ಮೊದಲು ತನ್ನ ಮನೆ ಪೂರ್ತಿ ಚೊಕ್ಕಟವಾಗಿರಬೇಕೆಂಬ ನಿಬಂಧನೆಯೂ ಇಲ್ಲ. ಸಾಲ ಕೊಟ್ಟವನು ತನ್ನ ಅಂಗಳವನ್ನು ಗುಡಿಸಿಲ್ಲವೆಂದು ಸಾಲಗಾರನು ಸಾಲವನ್ನು ತಳ್ಳಿಹಾಕಲಾರನು.

ಇನ್ನು ಊರುಗಳನ್ನು ತೂಗುವ ಅಳತೆಗಳಿಗೆ ಬರಬಹುದು. ಮುಂಬಯಿ ನಗರವು ೨೦೨೨ರ ಮಾರ್ಚಿಯಲ್ಲಿ, ಚೆನ್ನೈ ನಗರವು ೨೦೨೩ರಲ್ಲಿ, ಬೆಂಗಳೂರು ಅದೇ ವರ್ಷದ ನವೆಂಬರಿನಲ್ಲಿ ತಂತಮ್ಮ ಹವಾಮಾನ ಯೋಜನೆಗಳನ್ನು ಹೊರತಂದುವು. ಬಿಡುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ೨೦೫೦ರೊಳಗೆ ಸರಿಸಮವಾಗಬೇಕೆಂಬುದು ಮೂರರ ಗುರಿ. ಭಾರತ ಸರ್ಕಾರವು ೨೦೨೧ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ದೇಶಕ್ಕೆಲ್ಲ ಇಟ್ಟುಕೊಂಡ ಗಡುವು ೨೦೭೦. ನಗರಗಳು ಅದಕ್ಕಿಂತ ಇಪ್ಪತ್ತು ವರ್ಷ ಮುಂದಾಗಿವೆ. ಬೆಂಗಳೂರಿನ ಯೋಜನೆಯಲ್ಲಿ ಕಟ್ಟಡ ಮತ್ತು ಶಕ್ತಿ, ಸಂಚಾರ, ಕಸ, ನೀರು, ಗಾಳಿ, ಹಸುರು, ವಿಪತ್ತು ಎಂದು ಏಳು ವಿಭಾಗಗಳೂ, ಇನ್ನೂರೈವತ್ತಕ್ಕೆ ಮಿಕ್ಕ ಕಾರ್ಯಗಳೂ ಇವೆ. ಇದು ಹೊಗಳತಕ್ಕ ಕೆಲಸ. ಲೆಕ್ಕವೇ ಇಲ್ಲದ ಕಡೆ ಲೆಕ್ಕವನ್ನು ಬರೆದಿಟ್ಟವನು ಅರ್ಧ ಹಾದಿಯನ್ನು ನಡೆದಂತೆ.

ಆದರೆ ಈ ಯೋಜನೆಯನ್ನು ಪ್ರಕಟಿಸಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಈಗ ಇಲ್ಲ. ೨೦೨೫ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರಪಾಲಿಕೆಗಳೂ ಅದರ ಸ್ಥಾನಕ್ಕೆ ಬಂದುವು. ವ್ರತವನ್ನು ತೊಟ್ಟವನು ಇಲ್ಲವಾದ ಮೇಲೆ ವ್ರತವು ಯಾರದು? ಮನೆ ಪಾಲಾದಾಗ ತಂದೆಯ ಆಸ್ತಿಯನ್ನು ಹಂಚಿಕೊಂಡ ಮಕ್ಕಳು ತಂದೆಯ ಸಾಲವನ್ನೂ ಹಂಚಿಕೊಳ್ಳುವುದು ರೂಢಿ; ಊರಿನ ವಿಷಯದಲ್ಲಿಯೂ ನ್ಯಾಯವು ಬೇರೆಯಾಗಲಾರದು. ಮೂವತ್ತು ವರ್ಷದಾಚೆಯ ಮಾತನ್ನು ಕೊಡುವವರು, ತಮ್ಮನ್ನು ಆ ಮಾತಿನ ಬಗ್ಗೆ ಯಾರೂ ಕೇಳಲಾರದ ಕಾಲಕ್ಕೆ ಕೊಡುತ್ತಾರೆ. ಆದುದರಿಂದ ಮೊದಲನೆಯ ಅಳತೆ ಇದು: ಕೊಟ್ಟ ಮಾತು ಕೊಟ್ಟವರಿಗಿಂತ ಹೆಚ್ಚು ಕಾಲ ಬಾಳುವ ಏರ್ಪಾಟು ಉಂಟೆ? ೨೦೫೦ರ ಗುರಿಗಿಂತ ಬರುವ ಯುಗಾದಿಯೊಳಗೆ ಇಷ್ಟು ಮಾಡುವೆವೆಂಬ ಸಣ್ಣ ಮಾತೇ ಹಲವು ಸಲ ಹೆಚ್ಚು ಪ್ರಾಮಾಣಿಕವಾದುದು. ಅದು ತಪ್ಪಿದರೆ ತಪ್ಪಿದವನ ಮುಖವನ್ನು ಊರು ನೋಡುತ್ತದೆ.

ಎರಡನೆಯ ಅಳತೆ, ಭಾರವು ಕೊನೆಗೆ ಯಾರ ತಲೆಯ ಮೇಲೆ ಕುಳಿತಿತು ಎಂಬುದು. ಬೆಂಗಳೂರು ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಪಂಪುಗಳಿಂದ ಏರಿಸಿ ಕುಡಿಯುತ್ತದೆ. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಲಿಯು ಸಾರಿತು. ಅದೇ ನಗರದ ಕೊಳಚೆಯ ನೀರು ೨೦೧೮ರಿಂದ ಶುದ್ಧಿಗೊಂಡು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ ಕೆರೆ ತುಂಬಿ ಬಾವಿಗಳ ನೀರು ಮೇಲೆದ್ದಿತೆಂದು ಸಂತೋಷಪಟ್ಟವರೂ ಕೋಲಾರದಲ್ಲಿ ಉಂಟು. ಶುದ್ಧಿ ಸಾಲದು, ನಗರದ ಕೊಳೆ ತಮ್ಮ ಪಾಲಿಗೆ ಬಂದಿತೆಂದು ನ್ಯಾಯಾಲಯಕ್ಕೆ ಹೋದವರೂ ಉಂಟು. ಒಂದೇ ನೀರು, ಚೆನ್ನಾಗಿ ಶುದ್ಧಮಾಡಿ ಕೊಟ್ಟರೆ ದಾನ, ಹಾಗೆಯೇ ಬಿಟ್ಟರೆ ದ್ರೋಹ. ತನ್ನ ಎಲ್ಲೆಯೊಳಗೆ ಚೊಕ್ಕಟವಾಗಿ, ಎಲ್ಲೆಯಾಚೆಗೆ ಕಸವನ್ನು ಸುರಿಯುವ ಊರಿನ ಪಟ್ಟಿಯಲ್ಲಿ ಅಂಕಗಳು ಏರಬಹುದು, ಧರ್ಮವು ಏರುವುದಿಲ್ಲ. ಇದು ನಗರಗಳಿಗಷ್ಟೇ ಅನ್ವಯಿಸುವ ಮಾತೂ ಅಲ್ಲ. ಪಟ್ಟಣದ ಕಸದ ಗಾಡಿ ಯಾವ ಹಳ್ಳಿಯ ಗೋಮಾಳದ ಅಂಚಿನಲ್ಲಿ ಬರಿದಾಗುತ್ತದೆಂಬುದನ್ನು ಪ್ರತಿಯೊಂದು ಪುರಸಭೆಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಸಣ್ಣ ಊರು ಏನು ಮಾಡಬಲ್ಲುದೆಂಬುದಕ್ಕೆ ನೆರೆರಾಜ್ಯದಲ್ಲಿ ಒಂದು ಉದಾಹರಣೆಯುಂಟು. ಮೈಸೂರು ಕೊಡಗುಗಳಿಗೆ ಅಂಟಿಕೊಂಡ ವಯನಾಡಿನ ಮೀನಂಗಾಡಿ ಎಂಬ ಗ್ರಾಮ ಪಂಚಾಯಿತಿಯು ೨೦೧೬ರಲ್ಲಿ, ತನ್ನ ಊರು ಬಿಡುವ ಇಂಗಾಲವನ್ನು ತನ್ನ ಊರೇ ಹೀರಿಕೊಳ್ಳುವಂತೆ ಮಾಡುವೆನೆಂದು ಹೊರಟಿತು. ಅಲ್ಲಿ ನಡೆದ ಒಂದು ಏರ್ಪಾಟು ವಿಶೇಷವಾದದ್ದು. ರೈತನು ತನ್ನ ಹಿತ್ತಲಿನ ಮರಗಳನ್ನು ಅಡವಿಟ್ಟರೆ ಮರವೊಂದಕ್ಕೆ ವರ್ಷಕ್ಕೆ ೫೦ ರೂಪಾಯಿನಂತೆ ಬಡ್ಡಿಯಿಲ್ಲದ ಸಾಲ ಸಿಕ್ಕುತ್ತದೆ. ಮರವನ್ನು ಕಡಿದರೆ ಮಾತ್ರ ಸಾಲವನ್ನು ತೀರಿಸಬೇಕು. ಕಡಿಯಬೇಡವೆಂದು ಬೋಧಿಸುವುದಕ್ಕಿಂತ ಕಡಿಯಬೇಕಾದ ಕಷ್ಟವನ್ನು ನೀಗಿಸುವುದು ಮೇಲೆಂಬ ವಿವೇಕ ಇದರಲ್ಲಿದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮರ ಮಾರುವವನನ್ನು ಅಧರ್ಮಿಯೆಂದು ಬಯ್ಯುವುದು ಸುಲಭ. ಅವನ ಕೈಗೆ ಹಣ ಕೊಟ್ಟು ಮರವನ್ನು ಉಳಿಸುವುದು ಸಭೆಯ ಧರ್ಮ.

ಹಾಗೆಂದು ಮೀನಂಗಾಡಿಯ ಮಾದರಿಯನ್ನು ಕಡೂರು ಅಜ್ಜಂಪುರಗಳಿಗೆ ಹಾಗೆಯೇ ಹೊತ್ತು ತರಬಹುದೆ? ಇಲ್ಲಿ ಮೂರನೆಯ ಅಳತೆ ಬರುತ್ತದೆ: ಮಾಡುವ ಕೆಲಸವು ನೆಲಕ್ಕೆ ಒಪ್ಪುವುದೆ? ಈ ಸೀಮೆಯಲ್ಲಿ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಕಾವಲುಗಳುಂಟು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿದೆ. ಕಾವಲೆಂದರೆ ಹುಲ್ಲುನೆಲ. ಅರಿಯದವನ ಕಣ್ಣಿಗೆ ಅದು ಪಾಳು. ಅಲ್ಲಿ ಗುಣಿ ತೋಡಿ ನೀಲಗಿರಿಯನ್ನೋ ಅಕೇಸಿಯಾವನ್ನೋ ಸಾಲಾಗಿ ನೆಟ್ಟರೆ ಎಣಿಕೆಯ ಪುಸ್ತಕದಲ್ಲಿ ಸಾವಿರ ಸಸಿಗಳು ಏರುತ್ತವೆ. ಆದರೆ ಹುಲ್ಲುನೆಲವು ತನ್ನ ಇಂಗಾಲವನ್ನು ಬಹುಮಟ್ಟಿಗೆ ಬೇರಿನಲ್ಲಿ, ಮಣ್ಣಿನಲ್ಲಿ ಅಡಗಿಸಿಟ್ಟಿರುತ್ತದೆ. ಅದನ್ನು ಅಗೆದು ಹಾಕಿದರೆ ಇಟ್ಟ ಗಂಟನ್ನೇ ಕಳೆದುಕೊಂಡಂತೆ. ದನಗಳಿಗೆ ಮೇವೂ, ಕೃಷ್ಣಮೃಗಕ್ಕೆ ನೆಲೆಯೂ ಹೋಗುತ್ತವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ೨೦೧೧ರಲ್ಲಿ ಸಂರಕ್ಷಿತ ಪ್ರದೇಶವೆಂದು ಸರ್ಕಾರವು ಸಾರಿದುದು ಈ ತಿಳಿವಳಿಕೆಯ ಫಲ. ವಯನಾಡಿನಲ್ಲಿ ಮರವನ್ನು ಉಳಿಸುವುದು ಯಾವ ಧರ್ಮವೋ ಅಜ್ಜಂಪುರದ ಕಾವಲಿನಲ್ಲಿ ಮರ ನೆಡದೆ ಹುಲ್ಲನ್ನು ಉಳಿಸುವುದೂ ಅದೇ ಧರ್ಮ. ಎರಡು ಊರುಗಳ ಕೆಲಸವು ಬೇರೆಯಾಗಿ ಕಂಡ ಮಾತ್ರಕ್ಕೆ ಅವುಗಳ ನೀತಿ ಬೇರೆಯೆನ್ನಲಾಗದು. ಒಂದೇ ಕಾಯಿಲೆಗೆ ಮೈಯ ಬಗೆಯನ್ನು ನೋಡಿ ಬೇರೆ ಬೇರೆ ಮದ್ದು ಕೊಡುವ ವೈದ್ಯನು ಮಾತು ತಪ್ಪಿದವನಲ್ಲ.

ನಾಲ್ಕನೆಯ ಅಳತೆಯು ಎಲ್ಲಕ್ಕಿಂತ ಕಠಿನವಾದದ್ದು. ಅದು ಮನೆಯ ಬಾಗಿಲಿಗೇ ಬಂದು ನಿಂತಿದೆ. ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯಿಂದ ೧೭.೪ ಟಿಎಂಸಿ ನೀರನ್ನು ಭದ್ರೆಗೂ, ಭದ್ರೆಯಿಂದ ೨೯.೯ ಟಿಎಂಸಿ ನೀರನ್ನು ಅಜ್ಜಂಪುರದ ಬಳಿಯ ಸುರಂಗಕ್ಕೂ ಪಂಪುಗಳಿಂದ ಎತ್ತಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು ೨.೨೫ ಲಕ್ಷ ಹೆಕ್ಟೇರು ಭೂಮಿಗೆ ಉಣಿಸಬೇಕೆಂದೂ, ೩೬೭ ಕೆರೆಗಳನ್ನು ತುಂಬಬೇಕೆಂದೂ ಹೊರಟದ್ದು. ಬರವನ್ನು ತಾಳಿಕೊಳ್ಳುವ ದೊಡ್ಡ ಉಪಾಯವಿದು. ಆದರೆ ಎತ್ತುವುದಕ್ಕೆ ವಿದ್ಯುತ್ತು ಬೇಕು, ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಬರವನ್ನು ಬೆಳೆಸುವ ಹೊಗೆಯೂ ಜೊತೆಗೆ ಬರುತ್ತದೆ. ಅದಂತಿರಲಿ. ೨೦೨೫ರ ಜೂನಿನಲ್ಲಿ ಭದ್ರಾ ಬಲದಂಡೆಯ ನಾಲೆಯನ್ನು ಅಗೆದು ತರೀಕೆರೆ, ಕಡೂರು, ಹೊಸದುರ್ಗಗಳ ಕಡೆಗೆ ಕುಡಿಯುವ ನೀರನ್ನು ಒಯ್ಯುವ ಕೆಲಸಕ್ಕೆ ದಾವಣಗೆರೆಯ ರೈತರು ಅಡ್ಡಬಂದರು. ತಮ್ಮ ನಾಲೆಯ ಕೊನೆಯಂಚಿಗೆ ಈಗಲೇ ನೀರು ತಲಪು‌ವುದು ಕಷ್ಟ, ಮೇಲೆಯೇ ತೂತು ಬಿದ್ದರೆ ಗದ್ದೆಗಳ ಗತಿಯೇನೆಂಬುದು ಅವರ ಅಳಲು.

ಇಲ್ಲಿ ಯಾರು ಸರಿ? ಕುಡಿಯುವ ನೀರನ್ನು ಕೇಳುವವನಿಗೆ ಇಲ್ಲವೆನ್ನುವುದು ಯಾವ ನ್ಯಾಯಕ್ಕೂ ಒಪ್ಪದು. ಬಾಯಾರಿಕೆಯು ಬೆಳೆಗಿಂತ ಮೊದಲು. ಹಾಗೆಂದು ಕೊನೆಯಂಚಿನ ರೈತನ ಭಯವನ್ನು ಹಟವೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ನಾಲೆಯ ತಲೆಯಲ್ಲಿ ಯಾರು ಕೈಯಿಟ್ಟರೂ ಮೊದಲು ಒಣಗುವುದು ಅವನ ಹೊಲವೇ. ಮೇಲಿನವರ ಮಾತನ್ನು ನಂಬಿ ಅವನು ಮೋಸಹೋದದ್ದು ಒಂದೆರಡು ಸಲವಲ್ಲ. ಇಂಥ ಕಡೆಯಲ್ಲಿ ಕೇಳುವವನಿಗೂ ಕೊಡುವವನಿಗೂ ಒಂದೊಂದು ಪ್ರಶ್ನೆಯನ್ನು ಹಾಕಬೇಕಾಗುತ್ತದೆ. ಕೇಳುವ ಊರೇ, ಕೈ ಚಾಚುವ ಮೊದಲು ನಿನ್ನ ಕೆರೆಯ ಹೂಳನ್ನು ತೆಗೆದೆಯಾ, ಕಾಲುವೆಯ ಒತ್ತುವರಿಯನ್ನು ಬಿಡಿಸಿದೆಯಾ, ಸೋರುವ ಕೊಳಾಯಿಯನ್ನು ಕಟ್ಟಿದೆಯಾ? ಕೊಡುವ ಊರೇ, ಕುಡಿಯುವುದಕ್ಕೆ ಬೇಕಾದ ಅಳತೆಯನ್ನು ಬಿಟ್ಟು ಉಳಿದ ನೀರಿನಲ್ಲಿ ನೀನು ಬೆಳೆಯುವ ಬೆಳೆಯು ಆ ನೀರಿಗೆ ತಕ್ಕದ್ದೆ? ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಅಳತೆಯನ್ನು ಬರೆದು, ಆ ಬರೆಹವನ್ನು ಇಬ್ಬರೂ ನೋಡುವ ಕಡೆ ನಿಲ್ಲಿಸಬೇಕು. ತನ್ನ ಪಾಲನ್ನು ಮುಗಿಸಿ ಕೇಳುವುದು ಹಕ್ಕು. ಮುಗಿಸದೆ ಕೇಳಿದರೂ ಬಾಯಾರಿದವನ ಹಕ್ಕು ಹೋಗದು, ಆದರೆ ಅವನ ಸಭೆಯ ಮರ್ಯಾದೆ ಹೋಗುತ್ತದೆ. ಜನರ ಬಾಯಾರಿಕೆಯನ್ನು ಸಭೆಯ ಸೋಮಾರಿತನದ ಮರೆಯಾಗಿ ಹಿಡಿಯಬಾರದು.

ಎರಡನೆಯ ಪೂರ್ವಪಕ್ಷವೊಂದು ಉಳಿಯಿತು. ಊರುಗಳನ್ನು ಹೀಗೆ ಹೋಲಿಸುವುದೇ ಒಳ್ಳೆಯದಲ್ಲ, ಅದರಿಂದ ಹೊಟ್ಟೆಕಿಚ್ಚೂ ಜಂಬವೂ ಬೆಳೆಯುತ್ತವೆ, ಪಟ್ಟಿಯಲ್ಲಿ ಮೇಲೇರುವ ಸಲುವಾಗಿ ತೋರಿಕೆಯ ಕೆಲಸ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಬಹುಮಾನಕ್ಕಾಗಿ ಗುಡಿಸಿದ ಬೀದಿ ಬಹುಮಾನ ಬಂದ ಮಾರನೆಯ ದಿನ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಆದರೆ ಹೋಲಿಕೆಯಲ್ಲಿ ಎರಡು ಬಗೆ. ನೆರೆಯವನು ತನಗಿಂತ ಕೀಳೆಂದು ತಿಳಿದು ಸಮಾಧಾನಪಡುವುದು ಒಂದು. ನೆರೆಯವನ ಸೇರಿನಿಂದ ತನ್ನ ಸೇರನ್ನು ಅಳೆದು, ತನ್ನದು ಕಡಿಮೆಯಾದರೆ ತಿದ್ದಿಕೊಳ್ಳುವುದು ಇನ್ನೊಂದು. ಒಂದೇ ಅಂಗಡಿಯಿರುವ ಸಂತೆಯಲ್ಲಿ ತೂಕ ಸರಿಯೆಂದು ತಿಳಿಯುವ ಬಗೆಯೇ ಇಲ್ಲ. ಎರಡನೆಯ ತಕ್ಕಡಿ ಬಂದ ಮೇಲೆಯೇ ಮೊದಲನೆಯದರ ನಿಜವು ಹೊರಬೀಳುವುದು. ಕಡೂರು ಮಾಡಿದ್ದನ್ನು ತರೀಕೆರೆಯೂ, ತರೀಕೆರೆ ಮಾಡಿದ್ದನ್ನು ಅಜ್ಜಂಪುರವೂ ಬಲ್ಲವಾದರೆ, ‘ಇದು ಆಗದ ಕೆಲಸ’ ಎಂಬ ಮಾತನ್ನು ಯಾರೂ ಸುಲಭವಾಗಿ ಆಡಲಾರರು. ನೆರೆಯೂರಿನಲ್ಲಿ ಆದದ್ದು ಇಲ್ಲೇಕೆ ಆಗದೆಂದು ಕೇಳುವ ಬಾಯಿ ಊರೊಳಗೇ ಹುಟ್ಟುತ್ತದೆ. ಹೋಲಿಕೆಯಿಂದ ಆಗಬೇಕಾದ ಪ್ರಯೋಜನ ಇಷ್ಟೇ.

ಈ ಸೀಮೆಗೆ ಇದೆಲ್ಲವೂ ಹೊಸ ಪಾಠವೇನಲ್ಲ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿಯುವ ವೇದಾ ಮತ್ತು ಅವತಿ ಎಂಬ ಹೊಳೆಗಳನ್ನು ಅಯ್ಯನಕೆರೆಯೂ ಮದಗದ ಕೆರೆಯೂ ತಡೆದು ನಿಲ್ಲಿಸಿ, ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತವೆ. ಕಡೂರಿನ ಬಳಿ ಎರಡೂ ಸೇರಿ ವೇದಾವತಿಯಾಗಿ ಹರಿದು ವಾಣೀವಿಲಾಸ ಸಾಗರವನ್ನು ಮುಟ್ಟುತ್ತವೆ. ಬಯಲಿನ ಕೆರೆಗಳು ಹೆಚ್ಚಾಗಿ ಸರಪಣಿಯ ಕೊಂಡಿಗಳಂತೆ ಇವೆ. ಮೇಲಣ ಕೆರೆಯ ಕೋಡಿಯೇ ಕೆಳಗಣ ಕೆರೆಯ ತಾಯಿ. ಮೇಲಿನವನು ಕೋಡಿಯನ್ನು ಒಂದು ಗೇಣು ಏರಿಸಿದರೆ ಕೆಳಗಿನವನ ಗದ್ದೆ ಬೀಳುಬೀಳುತ್ತದೆ; ಏರಿಯನ್ನು ಅಲಕ್ಷ್ಯ ಮಾಡಿ ಒಡೆಯಲು ಬಿಟ್ಟರೆ ಕೆಳಗಿನ ಕೆರೆಗಳೂ ಒಂದರ ಹಿಂದೆ ಒಂದು ಒಡೆಯುತ್ತವೆ. ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದೂ ತಪ್ಪು, ಕಾಯದೆ ಬಿಡುವುದೂ ತಪ್ಪು. ಕೆರೆಯನ್ನು ಕಟ್ಟಿದವರಿಗೆ ಕಟ್ಟುಗೊಡಗೆಯೆಂದು ಭೂಮಿಯನ್ನು ಬಿಟ್ಟ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ತೂಬನ್ನು ತೆರೆದು ಮುಚ್ಚುವ ನೀರಗಂಟಿಗೆ ಊರು ಕಾಳು ಅಳೆದುಕೊಡುತ್ತಿತ್ತು. ಮೈಸೂರು ಸಂಸ್ಥಾನವು ೧೯೧೧ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಕಾನೂನನ್ನೇ ಮಾಡಿತು.

ಆದರೆ ಹಳೆಯದೆಲ್ಲವೂ ಹೊನ್ನೆಂದು ಬಗೆಯುವುದು ಬೇಡ. ಕೆರೆಯ ಹೂಳನ್ನು ಹೊತ್ತವರಲ್ಲಿ ಆ ಕೆರೆಯ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇಲ್ಲದವರು ಎಷ್ಟೋ ಮಂದಿ. ಆ ನೀರನ್ನು ಮುಟ್ಟಬಾರದೆಂಬ ಕಟ್ಟಿಗೆ ಒಳಗಾದವರೂ ಉಂಟು. ಊರಿನ ಧರ್ಮವೆಂಬ ಹೆಸರಿನಲ್ಲಿ ಊರಿನ ಬಡವನ ಬೆನ್ನ ಮೇಲೆ ಬಿಟ್ಟಿಯನ್ನು ಹೇರಿದ ಕಾಲವದು. ಹವೆಯ ವಿಷಯದಲ್ಲಿಯೂ ಅದೇ ತಪ್ಪು ಮತ್ತೆ ಆಗಬಾರದು. ಬಿಸಿಲು ಏರಿದಾಗ ಮೊದಲು ಬಳಲುವವರು ಹೊಲದ ಕೂಲಿಯವರು, ತಗಡಿನ ಮಾಡಿನ ಕೆಳಗೆ ಮಲಗುವವರು, ದೂರದ ಕೊಳಾಯಿಯಿಂದ ಬಿಂದಿಗೆ ಹೊರುವ ಹೆಂಗಸರು. ನಾಲ್ಕು ಅಳತೆಗಳನ್ನೂ ದಾಟಿದ ಯೋಜನೆಯು ಇವರನ್ನು ಮರೆತಿದ್ದರೆ ಅದು ಹಳೆಯ ಬಿಟ್ಟಿಯೇ. ಬರೆದ ಕಾಗದ ಮಾತ್ರ ಹೊಸದು.

ನೆರೆಯೂರು ಸುಮ್ಮನಿದ್ದರೆ ಈ ಊರು ಏನು ಮಾಡಬೇಕೆಂಬ ಮೊದಲಿನ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಕಾಣಬಹುದು. ಮೇಲಣ ಕೆರೆಯ ಏರಿಯು ಸಡಿಲವಾಗಿದೆಯೆಂದು ತಿಳಿದ ಕೆಳಗಿನ ಊರು ತನ್ನ ಏರಿಯನ್ನೂ ಹಾಗೆಯೇ ಬಿಡುವುದಿಲ್ಲ. ಅದನ್ನು ಇಮ್ಮಡಿ ಬಲಪಡಿಸುತ್ತದೆ, ಮೇಲಿನವರ ಬಾಗಿಲಿಗೆ ಹೋಗಿ ಎಚ್ಚರಿಸುತ್ತದೆ, ಬೇಕಾದರೆ ಗುದ್ದಲಿ ಹಿಡಿದು ನೆರವಿಗೂ ನಿಲ್ಲುತ್ತದೆ. ಅನ್ಯರ ಅಲಕ್ಷ್ಯದಿಂದ ತನ್ನ ಕೆಲಸವು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಇದು ನ್ಯಾಯವೆ ಎಂದರೆ, ಅಲ್ಲ; ಹೆಚ್ಚಿದ ಆ ಕೆಲಸದ ಲೆಕ್ಕವನ್ನು ಬರೆದಿಟ್ಟು ಒಂದು ದಿನ ಕೇಳುವ ಹಕ್ಕು ಕೆಳಗಿನ ಊರಿಗೆ ಉಂಟು. ಆದರೆ ಆ ದಿನ ಕೇಳುವುದಕ್ಕೆ ಊರು ಉಳಿದಿರಬೇಕಷ್ಟೆ.

ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಬೇರೆ ದಿಕ್ಕಿನಲ್ಲಿ ಹೊರಟ ವೇದಾವತಿಯೂ ಹಗರಿಯೆಂಬ ಹೆಸರಿನಿಂದ ಬಹುದೂರ ಹರಿದು ಕೊನೆಗೆ ಅದೇ ತುಂಗಭದ್ರೆಯನ್ನು ಸೇರುತ್ತಾಳೆ. ತರೀಕೆರೆಯ ನೀರು, ಕಡೂರಿನ ನೀರು ಎಂದು ಹೊಳೆಗಳ ದಡದಲ್ಲಿ ನಿಂತು ಮಾಡುವ ವ್ಯಾಜ್ಯವು ಆ ಸಂಗಮದಲ್ಲಿ ಯಾರಿಗೂ ಕೇಳಿಸದು. ಊರಿನ ಎಲ್ಲೆಕಲ್ಲುಗಳನ್ನು ಕಂದಾಯಕ್ಕಾಗಿ ನೆಟ್ಟರು. ಎಲ್ಲೆಯನ್ನು ದಾಟಿ ಹೋಗುವ ನೀರಿಗೂ ಹೊಗೆಗೂ ಎರಡು ಕಡೆಯ ಸಭೆಗಳೂ ಕೂಡಿಯೇ ಉತ್ತರ ಹೇಳಬೇಕಾಗಿದೆ.